ಕಾರಿನ ಮೂಗಿಗೆ ಒದ್ದೆ ಬಟ್ಟೆ

ಅಂಗಳದ ಹಗ್ಗದ ಮಂಚದ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದೆ. ಬೇರೆ ದಿನವಾಗಿದ್ದರೆ ಕಾಗೆ ಕಾದರೆ ಸಾಕಿತ್ತು. ಆ ಭಾನುವಾರ ಕಾಗೆಯ ಜೊತೆಗೆ ಬೂದಿಯನ್ನೂ ಕಾಯಬೇಕಾಗಿತ್ತು. ಮೇಲುಕೋಟೆ ಬೆಟ್ಟದ ಒಣಹುಲ್ಲಿಗೆ ಬೆಂಕಿ ಬಿದ್ದು ಕೆಲವು ದಿನವಾಗಿತ್ತು. ಹಗಲೆಲ್ಲ ಹೊಗೆ, ಕತ್ತಲಾದರೆ ಬೆಟ್ಟದ ಮೈಮೇಲೆ ಕೆಂಪು ಗೆರೆ. ಗಾಳಿ ನಮ್ಮೂರ ಕಡೆ ತಿರುಗಿದಾಗೆಲ್ಲ ಸುಟ್ಟ ಹುಲ್ಲಿನ ಕರಿ ಎಸಳುಗಳು ಹಾರಿ ಬಂದು ಸಂಡಿಗೆಯ ಮೇಲೆ ಕೂರುತ್ತಿದ್ದವು. ನಾನು ಬೆರಳ ತುದಿಯನ್ನು ನೀರಿಗೆ ಅದ್ದಿ ಒಂದೊಂದನ್ನೇ ಅಂಟಿಸಿಕೊಂಡು ತೆಗೆಯುತ್ತಿದ್ದೆ. ಇಷ್ಟು ದೂರ ಬರುವಷ್ಟರಲ್ಲಿ ಕಿಡಿ ಆರಿ ತಣ್ಣಗಾಗಿರುತ್ತಿತ್ತು. ಪಂಚೆಗೆ ತೂತು ಬೀಳಲಿಲ್ಲ, ಹುಲ್ಲಿನ ಮೆದೆಗೆ ತಾಗಲಿಲ್ಲ, ಅಷ್ಟು ಸಾಕು ತಾಯಿ ಅಂತ ಮನಸ್ಸಲ್ಲೇ ಕಾಳಮ್ಮನಿಗೆ ಕೈ ಮುಗಿಯುತ್ತ ಕೂತಿದ್ದೆ.

ಬೀದಿ ಕಡೆಯಿಂದ ಸೈಕಲ್ ಬೆಲ್ಲು ಕೇಳಿಸಿತು. ಹಾಲು ಹಾಕುವವನ ಸೈಕಲ್ಲು. ಹಿಂದಿನ ಕ್ಯಾರಿಯರ್ ಮೇಲೆ ನಮ್ಮ ಯಜಮಾನರು ಕೂತಿದ್ದರು. ಮುಖ ಕಣ್ಣಿನವರೆಗೆ ಕರಿ. ಎದೆಗೆ ಒಂದು ತಗಡಿನ ಡಬ್ಬಿಯನ್ನು ಹಸುಗೂಸಿನ ಹಾಗೆ ಅವುಚಿಕೊಂಡಿದ್ದರು.

ಕಾರಿಲ್ಲ. ಕಾರಿನಲ್ಲಿ ಬರಬೇಕಾಗಿದ್ದ ನೆಂಟರೂ ಇಲ್ಲ.

"ಗಾಡಿ ನಿಂತೋಯ್ತು ಕಣೆ, ಬೆಟ್ಟದ ಬುಡದಲ್ಲಿ," ಅಂದರು.

"ನೆಂಟರು?"

"ಹುಣಸೆ ಮರದ ಕೆಳಗೆ ಕುಂತವ್ರೆ. ಅಜ್ಜಿ ವಾಪಸ್ ಓಯ್ತೀನಿ ಅಂತ ಹಠ ಹಿಡ್ದದೆ."

ನನ್ನ ಕೈಯಲ್ಲಿದ್ದ ನೀರಿನ ಬಟ್ಟಲು ಮಂಚದ ಮೇಲೇ ಉಳಿಯಿತು. ಎದ್ದು ಒಳಗೆ ಓಡಿದೆ.

ನಮ್ಮ ಮನೆ ವಿಚಾರ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಒಂದು ಕಾರು ನಿಂತದ್ದಕ್ಕೆ ನಾನು ಯಾಕೆ ಹಾಗೆ ಓಡಿದೆ ಅನ್ನೋದು ತಿಳಿಯುವುದಿಲ್ಲ. ನಮ್ಮದು ಕಮ್ಮಾರರ ಮನೆ. ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ರಸ್ತೆಯ ಪಕ್ಕದ ಊರು. ಮಾವನವರು ಕುಲುಮೆಯಲ್ಲಿ ಕುಳ, ಕುಡುಗೋಲು, ಎತ್ತಿನ ಗಾಡಿಯ ಚಕ್ರದ ಪಟ್ಟಿ ಮಾಡೋರು. ನಮ್ಮವರಿಗೆ ಸುತ್ತಿಗೆ ಹಿಡಿಸಲಿಲ್ಲ. ನಾನು ಹೇಳುತ್ತಿರುವುದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಮೈಸೂರಿನ ಕಡೆಯಿಂದ ಒಂದು ಹಳೇ ಕರಿ ಕಾರು ತಂದು ಬಾಡಿಗೆಗೆ ಓಡಿಸತೊಡಗಿದರು. ಶ್ರೀರಂಗಪಟ್ಟಣದ ರೈಲು ಸ್ಟೇಷನ್ನಿಂದ ಮೇಲುಕೋಟೆಗೆ ಯಾತ್ರಿಕರು, ನಾಗಮಂಗಲದ ಕಡೆಗೆ ಮದುವೆ ದಿಬ್ಬಣ, ಹೀಗೆ. "ಕಬ್ಣ ಬಡಿಯದು ಬುಟ್ಟು ಕಬ್ಣದೊಳಗೆ ಕುಂತ್ಕಂಡು ತಿರುಗ್ತಾನೆ ನನ್ ಮಗ," ಅಂತ ಮಾವ ಬಂದೋರಿಗೆಲ್ಲ ಹೇಳೋರು. ಬೈದ ಹಾಗೆ ಹೇಳಿದರೂ ಅದರಲ್ಲಿ ಸ್ವಲ್ಪ ಜಂಬ ಇರುತ್ತಿತ್ತು.

ಕಮ್ಮಾರರ ಮನೆಗಳಲ್ಲಿ ತಿದಿ ಒತ್ತುವ ಕೆಲಸ ಹೆಂಗಸರದು. ತಿದಿ ಅಂದರೆ ಕುಲುಮೆಯ ಬೆಂಕಿಗೆ ಗಾಳಿ ಊದುವ ಚರ್ಮದ ಚೀಲ. ನಾನು ಆ ಮನೆಗೆ ಬರುವ ಮೊದಲಿಂದಲೂ ಅದನ್ನು ಒತ್ತುತ್ತಿದ್ದವಳು ನನ್ನ ನಾದಿನಿ, ನಮ್ಮವರ ತಂಗಿ. ಅವಳ ಅಂಗೈ ಗಟ್ಟಿಯಾಗಿತ್ತು. ಆ ಅಂಗೈ, ಆ ಕುಲುಮೆಯಿಂದಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ನಾಗಮಂಗಲದ ಕಡೆಯವರು ಕೈ ನೋಡಿ "ಗಂಡಸ್ರ ಕೈಯಂಗದೆ" ಅಂದರು. ಶ್ರೀರಂಗಪಟ್ಟಣದವರು ಕೈ ಬಗ್ಗೆ ಏನೂ ಅನ್ನಲಿಲ್ಲ, ಆದರೆ ಆ ಮನೆಯ ಹೆಂಗಸು ಹೋಗುವಾಗ ಸೆರಗಿನಿಂದ ಮೂಗು ಒರೆಸಿಕೊಂಡು "ಮನೆಯೆಲ್ಲ ಹೊಗೆ ವಾಸನೆ" ಅಂದದ್ದು ನಮ್ಮ ಕಿವಿಗೂ ಬಿತ್ತು.

ಈಗ ಬಂದಿದ್ದು ಕಿಕ್ಕೇರಿ ಕಡೆಯ ಮರಗೆಲಸದವರ ಸಂಬಂಧ. ಹುಡುಗನನ್ನು ನಾದಿನಿ ನೆಂಟರ ಮದುವೆಯೊಂದರಲ್ಲಿ ನೋಡಿದ್ದಳು. ಚಪ್ಪರದ ಕಂಬ ಓರೆಯಾಗಿದ್ದನ್ನು ಯಾರಿಗೂ ಹೇಳದೆ ಕೇಳದೆ ತಾನೇ ಹೋಗಿ ನೆಟ್ಟಗೆ ಮಾಡಿದನಂತೆ. ಬಟ್ಟೆ ಒಗೆಯುವಾಗ ನನ್ನ ಹತ್ತಿರ ಮಾತ್ರ ಹೇಳಿದ್ದಳು:

"ಇದೊಂದು ಆದ್ರೆ ಆಗ್ಲಿ ಅತ್ಗೆ. ಇದೂ ಆಗ್ದಿದ್ರೆ ನಾನಂತೂ ಇನ್ನೊಂದ್ಸಲ ರೇಷ್ಮೆ ಸೀರೆ ಉಟ್ಕಂಡು ತಟ್ಟೆ ಹಿಡ್ಕಂಡು ಯಾರ್ ಮುಂದೂ ಬರಾಕಿಲ್ಲ. ತಿದಿ ಒತ್ಕಂಡೇ ಇದ್ದುಬುಡ್ತೀನಿ."

ಅವಳು ಆಡಿದರೆ ಆಡಿದ ಹಾಗೇ ಮಾಡುವವಳು. ಅದಕ್ಕೇ ನನಗೆ ಭಯ.

ಹುಡುಗನ ಮನೆಯಲ್ಲಿ ಅಜ್ಜಿಯ ಮಾತೇ ಮಾತು. ಆ ಅಜ್ಜಿ, ಹೆಣ್ಣು ನೋಡುವ ಮೊದಲು ಮೇಲುಕೋಟೆ ಸ್ವಾಮಿಯ ದರ್ಶನ ಆಗಬೇಕು ಅಂದಿದ್ದರು. ನಮ್ಮವರು ಮುಂಜಾನೆಯೇ ಕಿಕ್ಕೇರಿಗೆ ಹೋಗಿ ಅಜ್ಜಿಯನ್ನೂ ಮೊಮ್ಮಗನನ್ನೂ ಕೂರಿಸಿಕೊಂಡು, ಕೆ.ಆರ್. ಪೇಟೆ ದಾಟಿ, ಆ ಮಗ್ಗುಲಿಂದ ಬೆಟ್ಟ ಹತ್ತಿಸಿ, ಪೂಜೆ ಮಾಡಿಸಿ, ಈ ಮಗ್ಗುಲಿಗೆ ಇಳಿಸಿ ಕರೆತರಬೇಕಾಗಿತ್ತು. ಇಳಿಯುವಾಗಲೇ ಹೊಗೆ ಸಿಕ್ಕಿದ್ದು.

ಒಳಗೆ ಒಂದು ಚೊಂಬು ನೀರು ಕೊಟ್ಟೆ. ಅವರು ಅರ್ಧ ಕುಡಿದು, ಅರ್ಧ ಮುಖಕ್ಕೆ ಹೊಡೆದುಕೊಂಡು, ಅಡುಗೆಮನೆ ಬಾಗಿಲು ಮುಂದಕ್ಕೆ ಎಳೆದು ಪಿಸುಮಾತಿನಲ್ಲಿ ಹೇಳಿದರು:

"ಯಾರಿಗೂ ಯೋಳ್ಬೇಡ. ಹೊಗೆ ದಟ್ಟವಾಗದೆ, ಬೂದಿ ಗಾಜಿಗೆ ಬಡೀತಾ ಅದೆ. ಅಜ್ಜಿ ಸೆರಗು ಒದ್ದೆ ಮಾಡಿ ಮೂಗಿಗೆ ಹಿಡ್ಕಂಡಿತ್ತು. ಇದ್ದಕ್ಕಿದ್ದಂಗೆ ಗಾಡಿ ನಿಲ್ಸು ಅಂತು. 'ನಾವು ಮೂರ್ ಜನ ಮೂಗು ಮುಚ್ಕಂಡಿವಿ, ಈ ಮೂಕ ಎಂಗಪ್ಪ ಉಸಿರಾಡದು? ಇದರ ಮೂಗೆಲ್ಲದೆ ತೋರ್ಸು' ಅಂತು."

"ತೋರಿಸಿದ್ರಾ?"

"ತೋರ್ಸ್ದೆ. ಪೂಜೆ ಸಾಮಾನು ಕಟ್ಕಂಡು ಬಂದಿದ್ದ ಬಟ್ಟೆನೇ ಬಿಚ್ಚಿ, ನೀರಲ್ಲಿ ಅದ್ದಿ, ಕಟ್ಟು ಅಂತ ಕೊಡ್ತು. ಹೆಣ್ ನೋಡಕ್ಕೆ ಬಂದಿರೋ ಮನೆ ಹಿರೀಕರು. ಬ್ಯಾಡ ಅನ್ನಕ್ಕಾಯ್ತದಾ? ಕಟ್ದೆ."

ಕಾರಿನ ಮೂಗು ಅಂದರೆ ಅದೇ ಡಬ್ಬಿ. ಇಂಜಿನ್ನು ಗಾಳಿ ಎಳೆದುಕೊಳ್ಳುವುದು ಅದರ ಮೂಲಕ. ಡಬ್ಬಿಯ ತಳದಲ್ಲಿ ಒಂದಿಷ್ಟು ಎಣ್ಣೆ, ಅದರ ಮೇಲೆ ತಂತಿಯ ಜಾಲರಿಯ ಗೊಂಡೆ. ಬರುವ ಗಾಳಿ ಎಣ್ಣೆಯನ್ನು ಸವರಿ, ಜಾಲರಿ ದಾಟಿ ಒಳಗೆ ಹೋಗಬೇಕು; ಧೂಳು ಎಣ್ಣೆಗೆ ಅಂಟಿ ಹಿಂದೆ ಉಳಿಯಬೇಕು. ನಮ್ಮ ಕಡೆ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಒಣ ತರಗಿಗೆ ಬೆಂಕಿ ಇಡುತ್ತಾರಲ್ಲ, ಆ ದಿನಗಳಲ್ಲೂ ಎಣ್ಣೆ ಬೇಗ ಕರಿಯಾಗುತ್ತಿತ್ತು. ಈ ಸಲ ಬೆಟ್ಟ ಉರಿಯುತ್ತಿದ್ದಷ್ಟು ದಿನವೂ ಯಾತ್ರಿಕರನ್ನು ಹತ್ತಿಸಿ ಇಳಿಸಿ ಎಣ್ಣೆ ಮೊದಲೇ ಕೆಸರಾಗಿತ್ತು. ಅದರ ಮೇಲೆ ಒದ್ದೆ ಬಟ್ಟೆ. ಬೂದಿ ಬಂದು ಬಟ್ಟೆಗೆ ಕೂತಿತು, ಗಿಲಾವು ಮಾಡಿದ ಗೋಡೆಯ ಹಾಗೆ ಮೆತ್ತಿಕೊಂಡಿತು. ಕಾರು ಕೆಮ್ಮಿತು, ಹಿಂದಿನಿಂದ ಕರೀ ಹೊಗೆ ಬಿಟ್ಟಿತು, ಬೆಟ್ಟದ ಬುಡಕ್ಕೆ ಬಂದು ನಿಂತೇಬಿಟ್ಟಿತು. ಬಟ್ಟೆ ಸಡಿಲ ಮಾಡಿ ನೋಡಿದರೂ ಇಂಜಿನ್ನು ಹೊತ್ತಿಕೊಂಡು ಆರಿಹೋಯಿತಂತೆ.

"ಬಟ್ಟೆ ಕಟ್ಟಿದ್ರಿಂದ ಅಂತ ಹೇಳಬಾರದಾಗಿತ್ತೇ?" ಅಂದೆ.

"ನಿನ್ನ ಬಟ್ಟೆಯಿಂದ ಕೆಡ್ತು ಅಂತ ಆ ಮುಖಕ್ಕೆ ಎಂಗೆ ಯೋಳ್ಲಿ? ಅಜ್ಜಿ ಬೇರೆ ಲೆಕ್ಕ ಹಾಕದೆ. ದೇವರ ಬೆಟ್ಟ ಇಳೀತಿದ್ದಂಗೆ ಗಾಡಿ ನಿಂತದೆ, ಅಂದ್ರೆ ಈ ಸಂಬಂಧ ಬ್ಯಾಡ ಅಂತ ಸ್ವಾಮಿನೇ ಯೋಳ್ತಾವ್ನೆ ಅಂತದೆ. ರಾಹುಕಾಲ ಹುಟ್ಟೋದ್ರೊಳಗೆ ಗಾಡಿ ತಾನಾಗಿ ನಡೆದ್ರೆ ಮುಂದಕ್ಕೆ ಬತ್ತೀನಿ, ಇಲ್ದಿದ್ರೆ ಬರೋ ಬಸ್ಸಿಗೆ ವಾಪಸ್ ಅಂತ ಕುಂತದೆ. ಎತ್ತಿನ ಗಾಡಿ ತತ್ತೀನಿ ಅಂದ್ರೂ ಒಪ್ನಿಲ್ಲ."

ಭಾನುವಾರದ ರಾಹುಕಾಲ ಸಂಜೆಗೆ. ಬಿಸಿಲು ಇನ್ನೂ ಜೋರಾಗಿತ್ತು. ಬೇರೆ ವಾರವಾಗಿದ್ದರೆ ಬೆಳಗ್ಗೆಯೋ ಮಧ್ಯಾಹ್ನವೋ ಮುಗಿದುಹೋಗುತ್ತಿತ್ತಲ್ಲ, ಸಂಜೆಯವರೆಗೆ ಹೊತ್ತು ಕೊಟ್ಟೆಯಲ್ಲ ತಾಯಿ ಅಂದುಕೊಂಡೆ.

ಹಿತ್ತಲ ಕುಲುಮೆಯಲ್ಲಿ ಮಾವ ಆಗಲೇ ಡಬ್ಬಿ ಇಸಿದುಕೊಂಡು ಮುಚ್ಚಳ ಬಿಚ್ಚಿದ್ದರು. ನಾದಿನಿ ರೇಷ್ಮೆ ಸೀರೆಯಲ್ಲೇ ಬಂದು ನಿಂತಿದ್ದಳು, ತಲೆ ತುಂಬ ಮಲ್ಲಿಗೆ. ಡಬ್ಬಿಯ ಬಾಯಿಗೆ ಕಟ್ಟಿದ್ದ ಕರಿ ಮುದ್ದೆಯಂಥ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು,

"ಇದ್ಯಾರಣ್ಣಯ್ಯ, ಈ ಬುದ್ಧಿವಂತ್ರು?" ಅಂದಳು.

"ಬಿಚ್ಚಮ್ಮಿ ಸುಮ್ಕೆ!" ಅಂತ ನಮ್ಮವರು ಗದರಿದರು.

ಅವಳು ಬಿಚ್ಚಿ ಬಕೆಟ್ಟಿನ ನೀರಿಗೆ ಹಾಕಿದಳು. ಅಲ್ಲಿಗೆ ಆ ಮಾತು ಮುಗಿಯಿತು ಅಂದುಕೊಂಡೆವು.

ಒಳಗಿನ ಎಣ್ಣೆಯನ್ನು ನೋಡಿದರೆ ಎಣ್ಣೆ ಅನ್ನುವಂತಿರಲಿಲ್ಲ. ಚಮಚ ನಿಲ್ಲಿಸಿದರೆ ನಿಲ್ಲುವಂತಿತ್ತು. ಜಾಲರಿಯ ತೂತೆಲ್ಲ ಮುಚ್ಚಿ ಸೀದ ಹೋಳಿಗೆಯ ಹಾಗಾಗಿತ್ತು. ಅಷ್ಟರಲ್ಲಿ ಅತ್ತೆಯವರು ಒಳಗಿನಿಂದ ಒಂದು ಮಣ್ಣಿನ ಬಟ್ಟಲು, ತೆಂಗಿನ ನಾರು ಹಿಡಿದುಕೊಂಡು ಬಂದರು.

"ತಗಳಿ, ಒಲೆ ಬೂದಿ ತಂದಿವ್ನಿ. ಬೂದಿ ಹಾಕಿ ತಿಕ್ಕುದ್ರೆ ಪಳಪಳ ಅಂತದೆ."

ಮಾವ ತಲೆ ಎತ್ತಿ ನೋಡಿದರು. "ಬೂದಿ ತಿಂದೇ ಸಾಯ್ತಾ ಅದೆ ಅದು. ಇನ್ನೂ ವಸಿ ಬಡಿಸ್ತೀಯೇನೆ?"

ನಾದಿನಿ ನಕ್ಕಳು. ಅತ್ತೆ ಮುಖ ಊದಿಸಿಕೊಂಡು ಬಟ್ಟಲನ್ನು ಬೆನ್ನ ಹಿಂದೆ ಹಿಡಿದು ನಿಂತರು.

"ಈ ಡಬ್ಬಿ ಇಲ್ದೇನೇ ಓಡಿಸಿದ್ರೆ ಆಗೋದಿಲ್ಲವಾ?" ಅಂತ ನಾನು ಕೇಳಿದೆ. ನನ್ನ ಕಣ್ಣು ನೆರಳಿನ ಮೇಲೇ ಇತ್ತು.

"ಓಡ್ತದೆ," ಅಂದರು ನಮ್ಮವರು. "ಆದ್ರೆ ಈ ಗಾಳೀಲಿ ಓಡ್ಸಿದ್ರೆ ಇಂಜಿನ್ನೊಳಗೆ ಮರಳು ಹಾಕಿ ಉಜ್ಜಿದಂಗೆ. ಇವತ್ತು ಬತ್ತದೆ, ನಾಳೆ ಸಾಯ್ತದೆ."

ಲಾಂದ್ರಕ್ಕೆ ಅಂತ ಇಟ್ಟಿದ್ದ ಸೀಮೆಎಣ್ಣೆ ತಂದುಕೊಟ್ಟೆ. ಮಾವ ಮೊದಲು ಕುಲುಮೆಯ ಕೆಂಡವನ್ನೆಲ್ಲ ಎಳೆದು ನೀರು ಹೊಡೆದು ಆರಿಸಿದರು. ಆಮೇಲೆ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಅಲುಗಾಡಿಸಿದರು. ಕರೀ ಮೋಡ ಬಿಟ್ಟಂತೆ ಬಿಟ್ಟಿತು. ಸೀಮೆಎಣ್ಣೆ ಚೆಲ್ಲಿ, ಹೊಸದು ಹಾಕಿ, ಮತ್ತೆ ಅಲುಗಾಡಿಸಿದರು. ಆದರೂ ಗೊಂಡೆಯ ಒಳಗಿನ ಮಡಿಕೆಯಲ್ಲಿ ಬೂದಿ ಕೂತೇ ಇತ್ತು. ಕಡ್ಡಿ ಹಾಕಿದರೆ ತಂತಿ ಹರಿಯುತ್ತದೆ.

"ಗಾಳಿ ಹೊಡೀಬೇಕು," ಅಂದರು ಮಾವ. "ಬಾ ಮಗ, ಒತ್ತು," ಅಂತ ಮಗಳ ಕಡೆ ತಿರುಗಿದರು.

ಹೆಣ್ಣು ನೋಡಲು ಬರುವ ದಿನ ಹೆಣ್ಣು ತಿದಿ ಒತ್ತುವುದೇ? ನಾನು ಒತ್ತುತ್ತೇನೆ ಅಂದೆ. ಮಾವ ಬೇಡ ಅಂದರು. ನಾನು ಒತ್ತಿದರೆ ಗಾಳಿ ಬಿಟ್ಟು ಬಿಟ್ಟು ಬರುತ್ತದೆ, ಅವಳು ಒತ್ತಿದರೆ ಒಂದೇ ಸಮ ಬರುತ್ತದೆ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನನ್ನ ಹಳೇ ನೂಲಿನ ಸೀರೆಯೊಂದನ್ನು ತಂದು ಅವಳ ರೇಷ್ಮೆಯ ಮೇಲೆ ಸುತ್ತಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಮಾವ ಜಾಲರಿಯನ್ನು ತಿದಿಯ ಕೊಳವೆಯ ಬಾಯಿಗೆ ಹಿಡಿದರು. ಅವಳು ಒತ್ತಿದಳು. ಬೂದಿ ಭುಸ್ಸೆಂದು ಹಾರಿ ಮಾವನ ಮೀಸೆಯ ಮೇಲೆ, ನನ್ನ ಕಣ್ಣೊಳಗೆ, ಅವಳ ಮಲ್ಲಿಗೆಯ ಮೇಲೆ ಕೂತಿತು. ಮಾವ ಜಾಲರಿಯನ್ನು ಆಕಾಶಕ್ಕೆ ಹಿಡಿದು ನೋಡಿದರು. ತೂತುಗಳಿಂದ ಬೆಳಕು ಬಂತು.

"ಉಸ್ರು ಬಂತು ಕಣ್ಲಾ," ಅಂದರು ಮಗನಿಗೆ.

ಇನ್ನು ತಳಕ್ಕೆ ಹೊಸ ಎಣ್ಣೆ. ಇಂಜಿನ್ ಎಣ್ಣೆ ಬೇಕಾದರೆ ಪಾಂಡವಪುರಕ್ಕೆ ಹೋಗಬೇಕು, ಭಾನುವಾರ ಅಂಗಡಿ ತೆಗೆದಿರುವುದೂ ಅನುಮಾನ. ಮನೆಯಲ್ಲಿ ಗಿಂಡಿ ತುಂಬ ಹರಳೆಣ್ಣೆ ಇತ್ತು. ಮಾವ ಒಂದು ತೊಟ್ಟು ಬೆರಳಲ್ಲಿ ಉಜ್ಜಿ ನೋಡಿ, "ಮಂದವಾಗದೆ, ಬೂದಿ ಹಿಡೀತದೆ, ತಗಳಿ," ಅಂದರು. ಹೋದ ವಾರವೇ ಅದನ್ನು ಅತ್ತೆಯ ತಂಗಿಗೆ ಕೊಟ್ಟು ಕಳಿಸಬೇಕಾಗಿತ್ತು, ಆಕೆ ಬರಲಿಲ್ಲ. ಬರದೆ ಇದ್ದದ್ದಕ್ಕೆ ಆಕೆಗೂ ಒಂದು ನಮಸ್ಕಾರ ಹಾಕಿದೆ.

ನಮ್ಮವರು ಡಬ್ಬಿ ಹಿಡಿದುಕೊಂಡು ಸೈಕಲ್ಲಿನ ಮೇಲೆ ಮುಂದೆ ಹೋದರು. ಮಾವ ಎತ್ತಿನ ಗಾಡಿ ಕಟ್ಟಿದರು. ಹೆಣ್ಣಿನ ತಾಯಿ ಎದುರುಗೊಳ್ಳದಿದ್ದರೆ ಚೆನ್ನಾಗಿರುವುದಿಲ್ಲ ಅಂತ ಅತ್ತೆ ಎಣ್ಣೆ ಗಿಂಡಿ ಹಿಡಿದು ಹತ್ತಿದರು, ನಾನು ಮಜ್ಜಿಗೆ ಚೊಂಬು ಹಿಡಿದು ಹತ್ತಿದೆ. ನಾದಿನಿ ಮನೆಯಲ್ಲೇ ಉಳಿದಳು. ಹೊರಡುವಾಗ ನೋಡಿದೆ, ಬಾಗಿಲಲ್ಲಿ ನಿಂತು ಬೆಟ್ಟದ ಕಡೆ ನೋಡುತ್ತಿದ್ದಳು. ಮುಖ ತೊಳ್ಕೊ ಅಂತ ಕೂಗಿ ಹೇಳಿದೆ.

ಹುಣಸೆ ಮರದ ಕೆಳಗೆ ಅಜ್ಜಿ ಸಣ್ಣದೊಂದು ಗಂಟಿನ ಹಾಗೆ ಕೂತಿದ್ದರು. ಬೆಟ್ಟದ ಇಳಿಜಾರಿನಲ್ಲಿ ಹೊಗೆ ಇನ್ನೂ ಎದ್ದಿತ್ತು. ಹುಡುಗ ಕಾರಿನ ಮುಂದೆ ಮೊಣಕಾಲೂರಿ, ಗಾಳಿ ಹೋಗುವ ಮುಂಭಾಗದ ಸಂದಿಗಳಲ್ಲಿ ಸಿಕ್ಕಿಕೊಂಡಿದ್ದ ಸುಟ್ಟ ಹುಲ್ಲನ್ನು ಪುಟ್ಟ ಕಡ್ಡಿಯಿಂದ ಒಂದೊಂದಾಗಿ ತೆಗೆಯುತ್ತಿದ್ದ. ಯಾರೂ ಹೇಳಿರಲಿಲ್ಲವಂತೆ. ನಾದಿನಿ ಹೇಳಿದ ಚಪ್ಪರದ ಕಂಬ ಸುಳ್ಳಲ್ಲ ಅಂದುಕೊಂಡೆ.

ಅಜ್ಜಿಗೆ ಕೈ ಮುಗಿದು ಮಜ್ಜಿಗೆ ಚೊಂಬು ಮುಂದಿಟ್ಟೆ.

"ಶಕುನ ತಿಳಿಯೋಗಂಟ ನಿಮ್ ಕಡೆ ನೀರೂ ಮುಟ್ಟಾಕಿಲ್ಲ ಕಣವ್ವ," ಅಂದರು. ಹೊಗೆ ಕುಡಿದು ಗಂಟಲು ಗೊಗ್ಗರಾಗಿತ್ತು. ಚೊಂಬನ್ನು ನೋಡಿದರು. ಇನ್ನೊಮ್ಮೆ ನೋಡಿದರು. "ಮಜ್ಜಿಗೆ ನೀರಲ್ಲ, ಬುಡು," ಅಂತ ಎತ್ತಿಕೊಂಡು ಗಟಗಟ ಕುಡಿದರು.

ನಮ್ಮವರು ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗುಗಳನ್ನು ಬಿಚ್ಚಿ ಒರೆಸುತ್ತಿದ್ದರು. ಹಣತೆಯ ಮೇಲೆ ಹಿಡಿದು ಕಾಡಿಗೆ ಕಟ್ಟಿಸಿದಂತೆ ಅವುಗಳ ಮೂತಿಗೆ ಮಸಿ ಮೆತ್ತಿತ್ತು. ಡಬ್ಬಿಯ ತಳವನ್ನು ಕೂರಿಸಿ ಎಣ್ಣೆ ಅಂತ ಕೈ ಚಾಚಿದರು.

"ತಾಳು, ಹೆಣ್ಣಿನ ತಾಯಿ ನಾನು, ನಾನೇ ಉಯ್ತೀನಿ," ಅಂದರು ಅತ್ತೆ. ಕಣ್ಣು ಮುಚ್ಚಿ ಕಾಳಮ್ಮನನ್ನು ನೆನೆದು ಗಿಂಡಿ ಬಗ್ಗಿಸಿದರು. ನಮ್ಮವರು ಪ್ಲಗ್ಗಿನ ಕಡೆ ತಿರುಗಿದ್ದರು. ಮುಚ್ಚಳ ಬಿತ್ತು, ತಿರುಪು ಬಿಗಿಯಿತು.

ಹುಡುಗ ಹ್ಯಾಂಡಲ್ ಹಾಕಿ ತಿರುಗಿಸಿದ. ಕಾರು ಗೊರ್ರೆಂದಿತು, ಸುಮ್ಮನಾಯಿತು. ಇನ್ನೊಮ್ಮೆ ಬಲವಾಗಿ ತಿರುಗಿಸಿದ. ಹಿಡಿದುಕೊಂಡಿತು! ಅತ್ತೆ ನನ್ನ ಕೈ ಹಿಸುಕಿದರು. ಮರುಕ್ಷಣದಲ್ಲೇ ಕಾರಿನ ಹಿಂದಿನಿಂದ ಬೆಳ್ಳಗೆ ದಟ್ಟ ಹೊಗೆ ಹೊರಟಿತು, ಗರ್ಭಗುಡಿಯಲ್ಲಿ ಸಾಂಬ್ರಾಣಿ ಹಾಕಿದ ಹಾಗೆ. ಬೆಟ್ಟದ ಹೊಗೆಯೇ ವಾಸಿ ಅನ್ನಿಸಿತು.

"ಅಯ್ಯೋ ಸ್ವಾಮಿ!" ಅಜ್ಜಿ ಎದ್ದು ನಿಂತರು. "ಈಗ ಒಳಗಡೆಗೂ ಬೆಂಕಿ ಬಿತ್ತಲ್ಲಪ್ಪ!"

ನಮ್ಮವರು ಓಡಿ ಹೋಗಿ ಇಂಜಿನ್ ನಿಲ್ಲಿಸಿ ಡಬ್ಬಿ ತೆರೆದರು. ಎಣ್ಣೆ ಅಂಚಿನವರೆಗೂ ತುಂಬಿತ್ತು. ತಳದಲ್ಲಿ ಒಂದು ಗೆರೆ ಇರುತ್ತದೆ, ಅಲ್ಲಿಯವರೆಗೆ ಮಾತ್ರ ಹಾಕಬೇಕು. ಹೆಚ್ಚಾದರೆ ಇಂಜಿನ್ನು ಗಾಳಿಯ ಜೊತೆ ಎಣ್ಣೆಯನ್ನೂ ಕುಡಿದು ಸುಡುತ್ತದೆ.

"ಯಾರವ್ವ ಇಷ್ಟೊಂದು ಉಯ್ಯಿ ಅಂದದ್ದು?"

"ಯಾರ್ ಯೋಳ್ಬೇಕು? ದೀಪಕ್ಕೆ 'ಸಾಕು ಸಾಕು' ಅಂತ ಅರೆಬರೆ ಉಯ್ದದ್ದು ಉಂಟಾ ನಾನು? ನಲವತ್ತು ವರ್ಸದಿಂದ ತುಂಬಾನೇ ಉಯ್ತಾ ಇವ್ನಿ!"

ಅಜ್ಜಿ ಅತ್ತೆಯ ಮುಖ ನೋಡಿದರು. ಹಲ್ಲಿಲ್ಲದ ಬಾಯಿಯ ಒಂದು ಅಂಚು ಮೇಲಕ್ಕೆ ಹೋಯಿತು. "ನಮ್ಮನೇಲೂ ಅಂಗೇಯ," ಅಂದರು.

ಮಾವ ಹುಣಸೆ ಮರದ ಮರೆಗೆ ಹೋಗಿ ಬೆನ್ನು ತಿರುಗಿಸಿ ನಗುತ್ತಿದ್ದರು. ಭುಜ ಕುಣಿಯುತ್ತಿದ್ದುದು ಕಾಣಿಸುತ್ತಿತ್ತು. ನಮ್ಮವರು ಹೆಚ್ಚಿನ ಎಣ್ಣೆಯನ್ನು ಗಿಂಡಿಗೇ ವಾಪಸ್ಸು ಬಗ್ಗಿಸಿ ಗೆರೆಗೆ ತಂದರು. ಈ ಸಲ ಕಾರು ಎದ್ದ ಕೂಡಲೇ ಸ್ವಲ್ಪ ಹೊಗೆಯಾಡಿ, ಆಮೇಲೆ ತಿಳಿಯಾಗಿ, ಗುಂಯ್ ಅಂತ ಒಂದೇ ದನಿಯಲ್ಲಿ ಓಡತೊಡಗಿತು. ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಗಾಳಿಯೂ ಬೇರೆ ಕಡೆಗೆ ತಿರುಗಿತ್ತು.

ಅಜ್ಜಿ ಹತ್ತಿ ಕೂತರು. ಕೂತ ಮೇಲೆ ಹೇಳಿದರು: "ನಡೀತದೆ, ಬಂದೆ. ಆಡಿದ್ ಮಾತಿಗೆ ತಪ್ಪಾಕಿಲ್ಲ. ಆದ್ರೆ ಯಾಕೆ ನಿಂತ್ಕತು ಅನ್ನೋದು ನಂಗೆ ಮನಸ್ಸಿಗೆ ಬರ್ಬೇಕು. ಅದು ಬರ್ದೆ ನಾನು ಯಾರ್ಗೂ ಮಾತು ಕೊಡಾಕಿಲ್ಲ."

ನಮ್ಮವರು ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ. ಹೇಳಿದರೆ ಅಜ್ಜಿಗೆ ಅವಮಾನ, ಹೇಳದಿದ್ದರೆ ಸ್ವಾಮಿಯ ಮೇಲೆ ಅಪವಾದ, ಎರಡರಲ್ಲೂ ಹುಡುಗಿಯ ಗತಿ ಒಂದೇ. ದಾರಿಯುದ್ದಕ್ಕೂ ಒಂದು ಉಪಾಯ ಕೊಡು ಅಂತ ಬೇಡಿಕೊಂಡು ಬಂದೆ. ಯಾವುದೂ ಹೊಳೆಯಲಿಲ್ಲ.

ಮನೆಯಲ್ಲಿ ಚಾಪೆ ಹಾಸಿತ್ತು. ನಾದಿನಿ ಮುಖ ತೊಳೆದು, ಬೂದಿ ಬಿದ್ದ ಮಲ್ಲಿಗೆ ತೆಗೆದು, ಹಿತ್ತಲ ಕನಕಾಂಬರ ಮುಡಿದಿದ್ದಳು. ಸಜ್ಜಿಗೆ, ಕಾಫಿಯ ತಟ್ಟೆ ಹಿಡಿದು ಬಂದು ಇಟ್ಟು, ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದಳು. ಏಳುವಾಗ ಅಜ್ಜಿ ಅವಳ ಕೈ ಹಿಡಿದುಕೊಂಡು ಅಂಗೈ ಮೇಲೆ ಮಾಡಿದರು. ಅತ್ತೆ ಕಣ್ಣು ಮುಚ್ಚಿದರು. ನಾಗಮಂಗಲದವರು ಎದ್ದು ಹೋದದ್ದು ಇದೇ ಜಾಗದಿಂದ.

"ಏನವ್ವ, ಕೈ ಇಂಗದೆ?"

"ತಿದಿ ಒತ್ತಿ ಒತ್ತಿ ಅಜ್ಜಿ."

"ಇವತ್ತೂ ಒತ್ತಿದ್ಯಾ?" ಅಜ್ಜಿಯ ಬೆರಳು ಅವಳ ಕಿವಿಯ ಹಿಂದಕ್ಕೆ ಹೋಯಿತು. ಅಲ್ಲೊಂದು ಮಸಿಯ ಗೆರೆ ಉಳಿದುಬಿಟ್ಟಿತ್ತು.

"ಊ. ಕಾರಿನ ಡಬ್ಬಿಗೆ ಗಾಳಿ ಹೊಡೀಬೇಕಾಗಿತ್ತು."

"ಅದ್ಯಾಕವ್ವ ನಿಂತ್ಕತು ಆ ಕಾರು? ಇವರ್ಯಾರೂ ಬಾಯ್ ಬುಡ್ತಾ ಇಲ್ಲ."

ನಮ್ಮವರಿಗೆ ಕೆಮ್ಮು ಬಂತು. "ಬೆಟ್ಟದ ಹೊಗೆ ಅಜ್ಜಿ, ಹೊಗೆ..." ಅಂದರು ಮಾವ.

"ಬರೀ ಹೊಗೆ ಏನ್ ಮಾಡ್ತದೆ ಅಪ್ಪಯ್ಯ?" ಅಂದಳು ನಾದಿನಿ. "ನಾವು ದಿನಾ ಹೊಗೇಲೆ ಇರೋರು. ಒಳಗೆ ಬೂದಿ ತುಂಬಿತ್ತು, ಸರಿ. ಅದ್ರ ಮೇಲೆ ಯಾರೋ ಪುಣ್ಯಾತ್ಮರು ಅದರ ಮೂಗಿಗೆ ಒದ್ದೆ ಬಟ್ಟೆ ಬೇರೆ ಕಟ್ಟವ್ರೆ ಅಜ್ಜಿ! ಬೂದಿ ಮೆತ್ಕಂಡು ಗೋಡೆಯಂಗಾಗಿತ್ತು. ತಿದಿ ಬಾಯಿಗೆ ಯಾರಾದ್ರೂ ಬಟ್ಟೆ ಕಟ್ತಾರ? ಉಸ್ರು ಕಟ್ಟಿದ್ರೆ ಯಾರ್ ತಾನೆ ಮುಂದಕ್ಕೆ ನಡೀತಾರೆ?"

ಹುಡುಗ ಸಜ್ಜಿಗೆಯ ತಟ್ಟೆಯನ್ನು ಮುಖದ ಹತ್ತಿರ ಎತ್ತಿಕೊಂಡ. ನಾನು ಬಾಗಿಲ ಹಿಂದಿನಿಂದ ಕೈಸನ್ನೆ ಮಾಡಿದೆ, ಅವಳು ನನ್ನ ಕಡೆ ನೋಡಲೇ ಇಲ್ಲ.

"ಎಂತ ಬಟ್ಟೆ?" ಅಂತ ಅಜ್ಜಿ ನಿಧಾನಕ್ಕೆ ಕೇಳಿದರು.

"ಕೆಂಪಂಚಿಂದು. ಸೀಗೆಪುಡಿ ಹಾಕಿ ಒಗ್ದು ಹಿತ್ಲಲ್ಲಿ ಒಣಗಾಕಿವ್ನಿ. ಯಾರ್ದೋ ಪೂಜೆ ಬಟ್ಟೆ ಇದ್ದಂಗದೆ, ಒಳಗೆ ಅರಿಶಿನದ ವಾಸನೆ ಇತ್ತು."

"ಅದು ನಂದು ಕಣವ್ವ."

ನಾದಿನಿಯ ಮುಖ ನೋಡಬೇಕಾಗಿತ್ತು. ಕಿವಿಯ ಹಿಂದಿನ ಮಸಿಯೊಂದು ಬಿಟ್ಟು ಮಿಕ್ಕದ್ದೆಲ್ಲ ಕೆಂಪಾಯಿತು. ಅತ್ತೆ "ಕಾಳಮ್ಮಾ" ಅಂದರು. ಅಜ್ಜಿ ಮಾತ್ರ ನಗತೊಡಗಿದರು. ಮೊದಲು ಭುಜ, ಆಮೇಲೆ ಇಡೀ ಮೈ. ಹೊಗೆ ಕುಡಿದಿದ್ದ ಗಂಟಲು ನಗುವಿನ ನಡುವೆ ಕೆಮ್ಮಿತು.

"ಅಯ್ಯೋ ನನ್ ಬುದ್ಧಿಗಿಷ್ಟು! ನಾನು ಮೂಗು ಕಟ್ಟಿ, ಸ್ವಾಮಿ ಬ್ಯಾಡ ಅಂದ ಅಂತ ಅವನ ತಲೆ ಮೇಲೆ ಹೊರ್ಸುದ್ನಲ್ಲ! ಅವನು ಪಾಪ ಅಲ್ಲಿ ಸುಮ್ಕೆ ನಿಂತವ್ನೆ, ಹೊಗೆ ಕುಡ್ಕಂಡು." ನಮ್ಮವರ ಕಡೆ ತಿರುಗಿದರು. "ಲೇ, ನೀನ್ಯಾಕ್ಲಾ ಯೋಳ್ನಿಲ್ಲ?"

"ಹೆಣ್ ಕೊಡೋ ಕಡೆಯೋನು ಎಂಗೆ ಯೋಳ್ಲಿ ಅಜ್ಜಿ?"

"ಅದೂ ಸರಿ ಬುಡು." ಅಜ್ಜಿ ನಾದಿನಿಯ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ನಂದು ಅಂತ ಗೊತ್ತಿದ್ರೆ ನೀನು ಯೋಳ್ತಿದ್ಯೇನವ್ವ?"

ನಾದಿನಿ ಯೋಚನೆ ಮಾಡಿದಳು.

"ಯೋಳ್ತಿದ್ದೆ ಅಜ್ಜಿ," ಅಂದಳು. "ಆದ್ರೆ ವಸಿ ಮೆತ್ತಗೆ."

ಹುಡುಗ ತಟ್ಟೆಯ ಹಿಂದೆ ಫಕ್ಕನೆ ನಕ್ಕು ಸಜ್ಜಿಗೆ ಗಂಟಲಿಗೆ ಸಿಕ್ಕಿಸಿಕೊಂಡ. ಮಾವ ಅವನ ಬೆನ್ನು ತಟ್ಟಿದರು, ಕಮ್ಮಾರರ ಕೈಯಲ್ಲಿ. ಪಾಪ, ಇನ್ನಷ್ಟು ಕೆಮ್ಮಿದ.

"ಇವನಿಗೆ ಬಾಯಿಲ್ಲ, ನಂಗೆ ಯಾರ್ ಮಾತೂ ಕೇಳೋ ಕಿವಿಯಿಲ್ಲ," ಅಂದರು ಅಜ್ಜಿ. "ಇಂಥೋಳೊಬ್ಳು ಇಲ್ದೆ ನಮ್ಮನೆ ಎಂಗ್ ನಡೀತದೆ? ತನ್ನಿ ತಾಂಬೂಲ."

ಅತ್ತೆ ವೀಳ್ಯದೆಲೆ ತರಲು ಎದ್ದೇಬಿಟ್ಟರು. ಅಷ್ಟರಲ್ಲಿ ಅಜ್ಜಿಯೇ ಬಾಗಿಲಾಚೆಯ ಬಿಸಿಲನ್ನು ನೋಡಿ ಕೈ ಎತ್ತಿ ತಡೆದರು.

"ತಡೀರಿ, ತಡೀರಿ. ರಾಹುಕಾಲ ಹುಟ್ಟಿರ್ಬೇಕು. ಮಾತು ಕೊಟ್ಟಾಯ್ತು, ಮನಸ್ಸಲ್ಲಿ ಮಡಿಕಳಿ. ತಾಂಬೂಲ ಅದು ಕಳೆದ ಮ್ಯಾಲೆ. ಇವತ್ತು ಬಸ್ಸೂ ಬ್ಯಾಡ, ಏನೂ ಬ್ಯಾಡ, ನಿಮ್ಮನೇಲೆ ಉಂಡು ಮಲಗ್ತೀವಿ." ಆಮೇಲೆ ಬಾಗಿಲ ಕಡೆ ತಿರುಗಿ ನನಗೆ ಹೇಳಿದರು: "ಹಲ್ಲಿಲ್ಲ ಕಣವ್ವ ನಂಗೆ. ಮುದ್ದೆ ವಸಿ ಮೆತ್ತಗೆ ಕಟ್ಟು."

ಸಂಬಂಧ ಕೂಡಿತು, ಕಾರು ಅಂಗಳದಲ್ಲಿದೆ, ಗೋಣಿಯಲ್ಲಿ ಹಿಟ್ಟಿದೆ. ಇನ್ನೇನು ಬೇಕು ಅಂತ ಬಾವಿಯಿಂದ ಒಂದು ಕೊಡ ನೀರು ಸೇದಿ ತಂದು, ಒಲೆ ಹೊತ್ತಿಸಿ, ಏಳು ಜನಕ್ಕೆ ಎಸರಿಟ್ಟು, ಬಸ್ಸಾರಿಗೆ ಸೊಪ್ಪು ಸೋಸುತ್ತ ಕೂತೆ.